ವಿದೇಶ ಓಡಾಟಕ್ಕೆ ಸಿಮ್: ನಾನು ತೋಟದ ಸಿಗ್ನಲ್ ನೋಡಿ ಆರಿಸಿದೆ

ನಮ್ಮ ಅಡಿಕೆ ಹಾಳೆ ತಟ್ಟೆ ವ್ಯಾಪಾರದವರು ಹೊರದೇಶಕ್ಕೆ ಹೊರಟರೆ ಮೊದಲು ಕೇಳುವುದು ಯಾವ ಕಂಪನಿಯ ರೋಮಿಂಗ್ ಪ್ಯಾಕ್ ಅಗ್ಗ ಅಂತ. ನಾನು ಅದನ್ನು ನೋಡುವುದನ್ನೇ ಬಿಟ್ಟಿದ್ದೇನೆ. ಹೊಸನಗರದ ಆಚೆ ನಮ್ಮ ಶೆಡ್ಡಿನ ಒಳಗೆ, ಜುಲೈ ಮಳೆಯಲ್ಲಿ ಯಾವ ಸಿಮ್‌ಗೆ ಎರಡು ಕಡ್ಡಿ ಸಿಗ್ನಲ್ ಬರುತ್ತದೋ ಅದೇ ನನ್ನ ನಂಬರು. ಹೊರದೇಶದ ಡೇಟಾಕ್ಕೆ ಬೇರೆ ಇ-ಸಿಮ್, ಅಂದರೆ ಕಾರ್ಡ್ ಇಲ್ಲದೆ ಫೋನಿನೊಳಗೇ ಹಾಕಿಕೊಳ್ಳುವ ಸಿಮ್. ಬೆಂಗಳೂರಿನ ಬಾವ ಇದನ್ನು ಕೇಳಿ, "ಎಂಥ ಮಾರಾಯ, ಅಲ್ಲಿ ಓಟಿಪಿ ಬರದೆ ಒದ್ದಾಡ್ತೀಯ ನೋಡು" ಅಂದಿದ್ದರು. ಈಗ ಅವರೂ ಹೀಗೇ ಮಾಡುತ್ತಾರೆ.

ನನ್ನ ಓಡಾಟ ಜಾಸ್ತಿಯಾದದ್ದು 2025ರಲ್ಲಿ. ಅಮೆರಿಕಾದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹಾಳೆ ತಟ್ಟೆಗೆ ತಡೆ ಹಾಕಿತಲ್ಲ, ಆಮೇಲೆ ಗಿರಾಕಿ ಹುಡುಕಿಕೊಂಡು ದುಬೈ, ತಟ್ಟೆ ಒತ್ತುವ ಮೆಷಿನ್ ಮತ್ತು ಅಚ್ಚು (ಡೈ) ನೋಡಲು ಚೀನಾದ ಗುವಾಂಗ್‌ಝೌ. ಮೊದಮೊದಲು ಪೋಸ್ಟ್‌ಪೇಯ್ಡ್ ನಂಬರಿಗೆ ಪ್ಯಾಕ್ ಹಾಕಿಸಿಕೊಂಡು ಹೋಗುತ್ತಿದ್ದೆ. ಹತ್ತು ದಿನಕ್ಕೆ ಸುಮಾರು 3,000. ಅದನ್ನಾದರೂ ತಡೆದುಕೊಳ್ಳಬಹುದು. ಆದರೆ ಒಂದು ಸಲ ಇಳಿಯುವ ದೇಶ ಪ್ಯಾಕಿನ ಪಟ್ಟಿಯಲ್ಲಿತ್ತು, ನಡುವೆ ವಿಮಾನ ಬದಲಿಸುವ ದೇಶ ಇರಲಿಲ್ಲ. ಅದನ್ನು ಯಾರೂ ಹೇಳಲಿಲ್ಲ. ನಾಲ್ಕೈದು ಗಂಟೆ ಅಲ್ಲಿ ಕೂತಿದ್ದಕ್ಕೆ 14,000 ಚಿಲ್ಲರೆ ಬಿಲ್ಲು! ಕಸ್ಟಮರ್ ಕೇರ್ ಜೊತೆ ತಿಂಗಳುಗಟ್ಟಲೆ ಜಗಳ ಆಡಿ ಅರ್ಧ ವಾಪಸ್ ಬಂತು.

ಆಮೇಲೆ ವಿಮಾನ ನಿಲ್ದಾಣದಲ್ಲೇ ಸಿಗುವ ಸಿಮ್ ಹಾಕಿ ನೋಡಿದೆ. ಆಗಿನ ನನ್ನ ಫೋನಿನಲ್ಲಿ ಒಂದೇ ಸಿಮ್‌ಗೆ ಜಾಗ. ಊರಿನ ಸಿಮ್ ಪರ್ಸಿಗೆ ಹೋಯಿತು, ಅದರ ಜೊತೆ ಓಟಿಪಿಯೂ ಹೋಯಿತು. ಸರಕನ್ನು ಕಸ್ಟಮ್ಸ್ ದಾಟಿಸುವ ಮಂಗಳೂರಿನ ಕ್ಲಿಯರಿಂಗ್ ಏಜೆಂಟ್‌ಗೆ ಕಟ್ಟಬೇಕಾದ ದುಡ್ಡು ಎರಡು ದಿನ ನಿಂತಿತು. ಹೋಟೆಲ್ ವೈಫೈ ನೆಚ್ಚಿಕೊಂಡರೆ ಇನ್ನೂ ಕಷ್ಟ. ಚೀನಾದಲ್ಲಿ ಅದರಲ್ಲಿ ವಾಟ್ಸಾಪ್ ತೆರೆಯುವುದೇ ಇಲ್ಲ. ದುಬೈನಲ್ಲಿ ಮೆಸೇಜ್ ಹೋಗುತ್ತದೆ, ಕಾಲ್ ಹೋಗುವುದಿಲ್ಲ.

ಈಗ ನಡೆಸುತ್ತಿರುವ ಕ್ರಮ ಹೀಗಿದೆ. ಬ್ಯಾಂಕಿಗೆ ಕೊಟ್ಟ ನಂಬರನ್ನು 1900ಕ್ಕೆ ಮೆಸೇಜ್ ಹಾಕಿ, ಶೆಡ್ಡಿನಲ್ಲಿ ಸಿಗ್ನಲ್ ಬರುವ ಕಂಪನಿಗೆ ಪೋರ್ಟ್ ಮಾಡಿಸಿ ಪ್ರೀಪೇಯ್ಡ್ ಮಾಡಿಕೊಂಡೆ. ಪ್ರೀಪೇಯ್ಡ್ ಯಾಕೆ ಅಂದರೆ, ಒಳಗೆ ದುಡ್ಡಿಲ್ಲದಿದ್ದರೆ ಬಿಲ್ಲು ಎಲ್ಲಿಂದ ಬರಬೇಕು? ಹೊರಡುವ ಮೊದಲು ಇಂಟರ್‌ನ್ಯಾಷನಲ್ ರೋಮಿಂಗ್ ಆನ್ ಮಾಡಿಸುತ್ತೇನೆ, ಪ್ಯಾಕ್ ಹಾಕುವುದಿಲ್ಲ. ಒಳಬರುವ ಎಸ್ಸೆಮ್ಮೆಸ್‌ಗೆ ನಾನು ಹೋದಲ್ಲೆಲ್ಲೂ ದುಡ್ಡು ಹಿಡಿದಿಲ್ಲ. ರೀಚಾರ್ಜ್ ವ್ಯಾಲಿಡಿಟಿ ವಾಪಸ್ ಬರುವ ದಿನದ ಆಚೆಗೂ ಇರಬೇಕು, ಅಷ್ಟೇ. ##002# ಒತ್ತಿ ಕಾಲ್ ಫಾರ್ವರ್ಡಿಂಗ್ ಎಲ್ಲ ತೆಗೆಯಿರಿ. ಇಲ್ಲವಾದರೆ ನೀವು ಎತ್ತದ ಕರೆಗೂ ಎರಡು ಕಡೆಯಿಂದ ಚಾರ್ಜ್ ಬೀಳಬಹುದು.

ಡೇಟಾದ ಇ-ಸಿಮ್ ಅನ್ನು ಮನೆಯ ವೈಫೈನಲ್ಲೇ ಹಾಕಿಕೊಂಡು ಹೊರಡುತ್ತೇನೆ. 10 ಜಿಬಿಗೆ 1,300ರ ಆಸುಪಾಸು. ಊರಿನ ಸಿಮ್‌ನ ಡೇಟಾ ರೋಮಿಂಗ್ ಆಫ್. ಐಫೋನಿನವರು ಡೇಟಾ ಸ್ವಿಚಿಂಗ್ ಅನ್ನೋ ಗುಂಡಿಯನ್ನೂ ಆಫ್ ಮಾಡಿ. ಅದು ಆನ್ ಇದ್ದರೆ ಫೋನು ತಾನಾಗಿಯೇ ಇನ್ನೊಂದು ಸಿಮ್‌ಗೆ ಹಾರುತ್ತದೆ.

ಇದರಲ್ಲಿ ನನಗೆ ಬಹಳ ಖುಷಿ ಕೊಟ್ಟ ಪರೀಕ್ಷೆ ಒಂದಿದೆ. ಗುವಾಂಗ್‌ಝೌ ಹೋಟೆಲ್ಲಿನಲ್ಲಿ ಕೂತು ನನ್ನ ಫೋನಿನ ಐಪಿ ವಿಳಾಸ, ಅಂದರೆ ಇಂಟರ್‌ನೆಟ್ಟಿಗೆ ಫೋನು ಯಾವ ಜಾಗದ್ದಾಗಿ ಕಾಣುತ್ತದೆ ಅನ್ನುವ ಗುರುತು, ಎಲ್ಲಿಯದು ಅಂತ ನೋಡಿದೆ. ಹೋಟೆಲ್ ವೈಫೈನಲ್ಲಿ ಚೀನಾ. ವೈಫೈ ಆಫ್ ಮಾಡಿ ಇ-ಸಿಮ್‌ಗೆ ಬಂದರೆ ಹಾಂಗ್‌ಕಾಂಗ್! ರೋಮಿಂಗ್ ಸಿಮ್‌ನ ಡೇಟಾ ನಾವಿರುವ ದೇಶದಲ್ಲಿ ಇಂಟರ್‌ನೆಟ್ಟಿಗೆ ಹೊರಬೀಳದೆ, ಸಿಮ್ ಕೊಟ್ಟವರು ಇಟ್ಟ ಜಾಗಕ್ಕೆ ಹೋಗಿ ಹೊರಬೀಳುತ್ತದೆ. ಅದಕ್ಕೇ ವಾಟ್ಸಾಪ್ ತೆರೆಯಿತು. ದುಬೈನಲ್ಲೂ ಇದೇ ಕಾರಣಕ್ಕೆ ಕಾಲ್ ಹೋಯಿತು. ನನ್ನ ತಮ್ಮ ತೋಟದಿಂದ ಹಸಿ ಹಾಳೆಯ ಬಣ್ಣ ವಿಡಿಯೋದಲ್ಲಿ ತೋರಿಸಿದ, ಗಿರಾಕಿ ನನ್ನ ಪಕ್ಕದಲ್ಲೇ ಕೂತು ನೋಡಿದರು. ಹಾಗಾಗಿ ಇ-ಸಿಮ್ ಕೊಳ್ಳುವಾಗ ಜಿಬಿ ನೋಡುವ ಮೊದಲು ಅದು ಎಲ್ಲಿ ಹೊರಬೀಳುತ್ತದೆ ಅಂತ ನೋಡಿ. ನಾನು ಯಾವುದನ್ನು ತಗೊಳ್ಳುತ್ತೇನೆ ಅಂತ ಇಲ್ಲಿ ಬರೆಯುವುದಿಲ್ಲ. ಅದನ್ನು ಹುಡುಕಲು ನನಗೆ ಆರೇಳು ಸಾವಿರ ಖರ್ಚಾಗಿದೆ.

ಓಟಿಪಿ ಬರದಿದ್ದರೆ ಗಾಬರಿ ಬೇಡ. ಊರಿನ ಸಿಮ್‌ನ ಸೆಟ್ಟಿಂಗ್‌ನಲ್ಲಿ ಆಟೋಮ್ಯಾಟಿಕ್ ನೆಟ್‌ವರ್ಕ್ ತೆಗೆದು ಇನ್ನೊಂದನ್ನು ಕೈಯಾರೆ ಆರಿಸಿ. ದುಬೈನಲ್ಲಾದರೆ ಅಲ್ಲಿನ ಕಂಪನಿಗಳಾದ ಎತಿಸಲಾತ್‌ನಿಂದ ಡುಗೆ, ಇಲ್ಲವೇ ಡುನಿಂದ ಎತಿಸಲಾತ್‌ಗೆ. ನನಗೆ ಹೀಗೆ ಬದಲಿಸಿದ ಒಂದೆರಡು ನಿಮಿಷಕ್ಕೆ ತಡೆದಿದ್ದ ಮೆಸೇಜುಗಳೆಲ್ಲ ಒಟ್ಟಿಗೆ ಬಂದಿವೆ.

ಮನೆ ಕಡೆಯದೂ ಒಂದು ಮಾತು. ನಾವು ಎಷ್ಟೇ ಒಳ್ಳೆ ಪ್ಯಾಕ್ ಹಾಕಿದರೂ ಆ ತುದಿಯಲ್ಲಿ ಸಿಗ್ನಲ್ ಇಲ್ಲದಿದ್ದರೆ ಏನು ಪ್ರಯೋಜನ? ಮಳೆಗಾಲದಲ್ಲಿ ಕರೆಂಟ್ ಹೋಗಿ ಟವರಿನ ಬ್ಯಾಟರಿ ಮುಗಿದರೆ ಎಲ್ಲ ಕಂಪನಿಯೂ ಒಂದೇ. ಅದಕ್ಕೆ ಫೈಬರ್ ರೌಟರನ್ನು ಇನ್ವರ್ಟರ್‌ಗೆ ಹಾಕಿ, ತಮ್ಮನ ಫೋನಿನಲ್ಲಿ ವೈಫೈ ಕಾಲಿಂಗ್ (ಟವರಿನ ಬದಲು ವೈಫೈ ಮೂಲಕ ಮಾಮೂಲಿ ಕರೆ) ಆನ್ ಮಾಡಿದೆ. ಕಳೆದ ಮಳೆಗಾಲದಲ್ಲಿ ಫೈಬರ್ ತುಂಡಾಗದ ದಿನಗಳಲ್ಲೆಲ್ಲ ಅವನು ಸಿಕ್ಕಿದ. ಅಮೆರಿಕಾದಿಂದ ನೆಂಟರು ತಂದ ಐಫೋನ್‌ನಲ್ಲೂ ಪ್ರಯತ್ನಿಸಿದೆ. 14ನೇ ಮಾಡೆಲ್‌ನಿಂದ ಈಚೆ ಅಲ್ಲಿ ಮಾರುವ ಐಫೋನ್‌ಗಳಲ್ಲಿ ಸಿಮ್ ಹಾಕುವ ಜಾಗವೇ ಇಲ್ಲ. ನಮ್ಮ ಗುಡ್ಡದ ಮೇಲೆ ಸಿಗುವ ಬಿಎಸ್‌ಎನ್‌ಎಲ್ ಸಿಮ್ ಕಾರ್ಡನ್ನು ಎಲ್ಲಿ ತೂರಿಸುವುದು? ವಾಪಸ್ ಕೊಟ್ಟೆ.

ಈಗ ಹತ್ತು ಹನ್ನೆರಡು ದಿನದ ಓಡಾಟಕ್ಕೆ ಊರಿನ ರೀಚಾರ್ಜ್ ಸೇರಿಸಿ 1,700 ದಾಟುವುದಿಲ್ಲ.

ಹೊರಡುವ ವಾರದಲ್ಲಿ ಸಿಮ್ ಬದಲಿಸಲು ಹೋಗಬೇಡಿ. ಹೊಸ ಸಿಮ್ ಹಾಕಿದ ಮೇಲೆ ಒಂದು ದಿನ ಎಸ್ಸೆಮ್ಮೆಸ್ ಬಂದ್ ಇರುತ್ತದೆ. ಹೊಸ ಫೋನ್ ತಗೊಂಡಿದ್ದರೆ ಯುಪಿಐ ಆಪ್‌ಗಳನ್ನೆಲ್ಲ ಊರಲ್ಲೇ ಹಾಕಿಕೊಳ್ಳಿ. ಅವು ಶುರುವಿಗೆ ನಮ್ಮ ಸಿಮ್‌ನಿಂದ ಒಂದು ಮೆಸೇಜ್ ಹೊರಗೆ ಕಳಿಸುತ್ತವೆ. ರೋಮಿಂಗ್‌ನಲ್ಲಿ ಖಾಲಿ ಪ್ರೀಪೇಯ್ಡ್‌ನಿಂದ ಅದು ಹೋಗುವುದಿಲ್ಲ.