ಸೈಕಲ್ಲಿಗೂ ಓಡಾಟಕ್ಕೂ ಒಂದೇ ಶೂ ಬೇಕಾ? ಮಡಚಿ ನೋಡಿ ತಗೊಳ್ಳಿ

ಸೈಕಲ್ ತುಳಿಯೋಕೂ ಆಫೀಸಿಗೂ ಮಾರ್ಕೆಟ್ಟಿಗೂ ಒಂದೇ ಸ್ನೀಕರ್ ಬೇಕು ಅನ್ನೋರು ಅಂಗಡಿಯಲ್ಲೇ ಶೂನ ಎರಡೂ ತುದಿ ಹಿಡಿದು ಮಡಚಿ ನೋಡಿ: ಬೆರಳುಗಳ ಬುಡದ ಹತ್ತಿರ ಮಾತ್ರ ಬಾಗಬೇಕು, ನಡುಮಧ್ಯೆ ಮಡಚಿಕೊಂಡರೆ ಬಿಟ್ಟುಬಿಡಿ. ಪೆಡಲ್ ಮೇಲೆ ಭಾರ ಬೀಳೋದು ಪಾದದ ಮುಂಭಾಗದ ಸ್ವಲ್ಪ ಜಾಗದ ಮೇಲೆ. ಸೋಲ್ ಮೆತ್ತಗಿದ್ದರೆ ಅಲ್ಲೇ ಒತ್ತಿ ಅಂಗಾಲು ಜೋಮು ಹಿಡಿಯುತ್ತೆ, ತುಳಿದ ಬಲವೂ ಫೋಮಿನಲ್ಲೇ ಹೋಗುತ್ತೆ. ಅದಕ್ಕೇ ದಪ್ಪ ಮೆತ್ತೆಯ ರನ್ನಿಂಗ್ ಶೂಗಿಂತ ಚಪ್ಪಟೆ ರಬ್ಬರ್ ಸೋಲಿನ ಸಾದಾ ಸ್ನೀಕರ್ ಈ ಕೆಲಸಕ್ಕೆ ಎಷ್ಟೋ ಮೇಲು. ಸಂಜೆ ಹೊತ್ತು ಹಾಕಿ ನೋಡಿ, ಆಗ ಪಾದ ಸ್ವಲ್ಪ ಊದಿರುತ್ತೆ. ಹೆಂಗಸರ ಶೂಗಳ ಮುಂಭಾಗ ಸಾಮಾನ್ಯವಾಗಿ ಕಿರಿದು, ಬೆರಳು ಒತ್ತಿದರೆ ಅದೇ ಮಾಡೆಲ್ಲಿನ ಗಂಡಸರ ಜೋಡಿ ಕೇಳೋಕೆ ಸಂಕೋಚ ಬೇಡ. ಇನ್ನು ಲೇಸು: ಚೈನ್ ಇರೋದು ಬಲಗಡೆ, ಹಾಗಾಗಿ ಬಲಗಾಲಿನ ಗಂಟನ್ನ ಹೊರಬದಿಗೆ ಸರಿಸಿ, ಉಳಿದ ತುದಿಗಳನ್ನ ಅಡ್ಡ ಲೇಸಿನ ಅಡಿಗೆ ಸಿಕ್ಕಿಸಿ. ಇದನ್ನ ದಯವಿಟ್ಟು ಮರೀಬೇಡಿ, ಟ್ರಾಫಿಕ್ ಮಧ್ಯೆ ಲೇಸು ಚೈನಿಗೆ ಸಿಕ್ಕರೆ ಕಾಲು ಕೆಳಗಿಡೋಕೂ ಆಗಲ್ಲ. ಮಳೆಗಾಲಕ್ಕೆ ಮಾತ್ರ ಈ ಲೆಕ್ಕ ಕೈಕೊಡುತ್ತೆ: ನುಣುಪು ಸೋಲು ಒದ್ದೆ ಪೆಡಲ್ ಮೇಲೂ ಮೆಟ್ರೋ ಸ್ಟೇಷನ್ನಿನ ಒದ್ದೆ ಮೆಟ್ಟಿಲ ಮೇಲೂ ಜಾರುತ್ತೆ, ಕ್ಯಾನ್ವಾಸ್ ಬೇಗ ಒಣಗಲ್ಲ. ಸೈಕಲ್ಲಲ್ಲಿ ನಂದಿಬೆಟ್ಟ ಹತ್ತೋರಿಗೆ, ಶೂ ಸಿಕ್ಕಿಸಿ ಕ್ಲಿಪ್ ಹಾಕೋ ಪೆಡಲ್ ಇರೋರಿಗೆ ಸೈಕ್ಲಿಂಗ್ ಶೂನೇ ಬೇಕು.