ಕೊಡಗಿನಲ್ಲೊಂದು ವಿಜ್ಞಾನ–ಫ್ಯಾಂಟಸಿ ಕಥಾ ಪ್ರಶಸ್ತಿ: ನಿಯಮ, ತೀರ್ಪು, ಮತ ಎಣಿಕೆ

ಕಥಾ ಪ್ರಶಸ್ತಿ ಇಡಲು ಹೊರಟವರು ಮೊದಲು ಚರ್ಚಿಸುವುದು ಫಲಕ, ಶಾಲು, ಮುಖ್ಯ ಅತಿಥಿ. ಆಮೇಲೆ ಜಗಳ ಆಗುವುದು ಮಾತ್ರ ಇವುಗಳಿಗಲ್ಲ. ಯಾವ ಕಥೆ ಸ್ಪರ್ಧೆಗೆ ಸಲ್ಲುತ್ತದೆ, ಅಂಕ ಹೇಗೆ ಕೂಡಿಸಿದರು, ಮತ ಹಾಕಿದವರು ಯಾರು ಎಂಬ ಮೂರು ಪ್ರಶ್ನೆಗೆ. ಮಡಿಕೇರಿಯ ಓದುಗರ ಬಳಗವಿರಲಿ, ವಿರಾಜಪೇಟೆಯ ಕಾಲೇಜಿನ ಕನ್ನಡ ಸಂಘವಿರಲಿ, ಈ ಮೂರಕ್ಕೂ ಉತ್ತರವನ್ನು ಪ್ರಕಟಣೆ ಹೊರಡುವ ಮೊದಲೇ ಬರೆದಿಡಬೇಕು. ಕಥೆಗಳು ಕೈಗೆ ಬಂದ ಮೇಲೆ ಮಾಡಿದ ನಿಯಮ ಎಷ್ಟೇ ನ್ಯಾಯವಾಗಿದ್ದರೂ ಯಾರದೋ ಪರವಾಗಿ ಮಾಡಿದಂತೆಯೇ ಕಾಣುತ್ತದೆ.

ಯಾವ ಮಾದರಿ?

ಈ ಪ್ರಕಾರದ ದೊಡ್ಡ ಪ್ರಶಸ್ತಿಗಳು ಮೂರು ದಾರಿ ತೋರಿಸಿವೆ. 1953ರಲ್ಲಿ ಶುರುವಾದ ಹ್ಯೂಗೋ ಓದುಗರದು: ವಿಶ್ವ ವಿಜ್ಞಾನ ಕಥಾ ಸಮ್ಮೇಳನಕ್ಕೆ ಶುಲ್ಕ ಕೊಟ್ಟು ಸದಸ್ಯರಾದವರು ಮತ ಹಾಕುತ್ತಾರೆ. 1966ರಿಂದ ಕೊಡುತ್ತಿರುವ ನೆಬ್ಯುಲಾ ಲೇಖಕರ ಸಂಘದ್ದು. ಬರೆಯುವವರೇ ಬರೆಯುವವರನ್ನು ಆರಿಸುತ್ತಾರೆ. 1975ರ ವರ್ಲ್ಡ್ ಫ್ಯಾಂಟಸಿ ಮತ್ತು 1987ರ ಆರ್ಥರ್ ಸಿ. ಕ್ಲಾರ್ಕ್ ಪ್ರಶಸ್ತಿಗಳಲ್ಲಿ ಕೊನೆಯ ಮಾತು ತೀರ್ಪುಗಾರರದ್ದು.

ಜಿಲ್ಲಾ ಮಟ್ಟಕ್ಕೆ ಇವುಗಳ ಮಿಶ್ರಣವೇ ವಾಸಿ. ಮೂವರು ತೀರ್ಪುಗಾರರು ಐದು ಕಥೆಗಳ ಅಂತಿಮ ಪಟ್ಟಿ ಮಾಡಲಿ. ಆ ಐದರಲ್ಲಿ ಗೆಲ್ಲುವುದನ್ನು ಓದುಗರು ಆರಿಸಲಿ. ಬರೀ ಓದುಗರಿಗೆ ಬಿಟ್ಟರೆ ಬಂದ ನಲವತ್ತು ಕಥೆಯನ್ನೂ ಓದಿ ಮತ ಹಾಕುವವರು ಬೆರಳೆಣಿಕೆಯಷ್ಟೇ. ಬರೀ ತೀರ್ಪುಗಾರರಿಗೆ ಬಿಟ್ಟರೆ ಪ್ರಶಸ್ತಿ ಬಂದ ಕಥೆಯನ್ನೂ ಊರಲ್ಲಿ ಯಾರೂ ಓದಿರುವುದಿಲ್ಲ.

ಯಾವ ಕಥೆ ಸಲ್ಲುತ್ತದೆ?

ಹ್ಯೂಗೋ, ನೆಬ್ಯುಲಾಗಳಲ್ಲಿ 7,500 ಪದದೊಳಗಿನದು ಸಣ್ಣ ಕಥೆ, 17,500ರವರೆಗೆ ನೀಳ್ಗತೆ, 40,000ದವರೆಗೆ ಕಿರುಕಾದಂಬರಿ, ಅದರ ಮೇಲಿನದು ಕಾದಂಬರಿ. ಈ ಅಂಕಿಗಳನ್ನು ಹಾಗೇ ಎತ್ತಿಕೊಳ್ಳಬೇಡಿ. ಕನ್ನಡದಲ್ಲಿ ವಿಭಕ್ತಿ, ಎಷ್ಟೋ ಅವ್ಯಯಗಳು ಪದಕ್ಕೇ ಅಂಟುವುದರಿಂದ ಅದೇ ಕಥೆ ಬಹಳ ಕಡಿಮೆ ಪದದಲ್ಲಿ ಮುಗಿಯುತ್ತದೆ. ಮೊದಲ ವರ್ಷ ಒಂದೇ ವಿಭಾಗ ಸಾಕು: 1,500ರಿಂದ 4,000 ಪದ. ಹೈಸ್ಕೂಲು ಮಕ್ಕಳಿಗೆ ಬೇರೆ ವಿಭಾಗ ಇಡುವುದಾದರೆ 1,200 ಪದದ ಮಿತಿ ಹಾಕಿ, ಹತ್ತಕ್ಕಿಂತ ಕಡಿಮೆ ಕಥೆ ಬಂದರೆ ಆ ವಿಭಾಗವನ್ನು ಈ ವರ್ಷ ಕೈಬಿಡುತ್ತೇವೆ ಎಂದು ಮೊದಲೇ ಹೇಳಿಬಿಡಿ.

ವಿಜ್ಞಾನ ಕಥೆ ಯಾವುದು ಎಂದು ವ್ಯಾಖ್ಯಾನ ಬರೆಯಲು ಕೂತರೆ ಸಂಜೆಯಾಗುತ್ತದೆ. ತೀರ್ಪುಗಾರರಿಗೆ ಒಂದೇ ಪರೀಕ್ಷೆ ಕೊಡಿ: ವಿಜ್ಞಾನದ ಅಥವಾ ಅದ್ಭುತದ ಅಂಶವನ್ನು ತೆಗೆದುಹಾಕಿದರೂ ಕಥೆ ನಿಲ್ಲುತ್ತದೆಯೇ? ನಿಂತರೆ ಅದು ಈ ಪ್ರಶಸ್ತಿಗಲ್ಲ. ಕಾಫಿ ತೋಟದ ಮೇಲೆ ಡ್ರೋನ್ ಹಾರಿಸಿ ಅಣ್ಣತಮ್ಮಂದಿರ ಆಸ್ತಿ ಜಗಳ ಹೇಳಿದರೆ ಅದು ಆಸ್ತಿ ಜಗಳದ ಕಥೆಯೇ. ಕಾಫಿ ಹೂ ಅರಳಿಸುವ ಹೂಮಳೆಯನ್ನು ಬೇಕಾದ ದಿನ, ಬೇಕಾದ ತೋಟಕ್ಕಷ್ಟೇ ತರಿಸುವ ಯಂತ್ರ ಬಂದು, ಪಕ್ಕದ ತೋಟದ ರೋಬಸ್ಟಾ ಹೂವೇ ಬಿಡದೆ ಒಣಗಿದರೆ? ಆಗ ಯಂತ್ರವಿಲ್ಲದೆ ಜಗಳವೇ ಇಲ್ಲ, ಅದು ಸಲ್ಲುತ್ತದೆ.

ಕೊಡಗಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಗುಳಿಗ, ಕುಟ್ಟಿಚಾತ, ಗುರುಕಾರಣ ಇವೆಲ್ಲ ಎಷ್ಟೋ ಮನೆಗಳಲ್ಲಿ ಇವತ್ತಿಗೂ ಎಡೆ ಇಟ್ಟು ನಡೆದುಕೊಳ್ಳುವ ಶಕ್ತಿಗಳು. ಇವುಗಳ ಕಥೆಯನ್ನು ‘ಫ್ಯಾಂಟಸಿ’ ಎಂದು ಕರೆದರೆ ಬೇಸರಪಡುವವರಿದ್ದಾರೆ. ಹೊರಗಿಟ್ಟರೆ ಇಲ್ಲಿನ ಒಳ್ಳೆಯ ಸರಕೇ ಹೋಗುತ್ತದೆ. ನಿಯಮವನ್ನು ಹೀಗೆ ಬರೆಯಬಹುದು: ಕೇಳಿದ ಐತಿಹ್ಯವನ್ನು ಹಾಗೆಯೇ ಹೇಳಿದರೆ ಸಲ್ಲದು, ಐತಿಹ್ಯದಿಂದ ಹೊರಟು ಲೇಖಕರು ಹೊಸ ಪಾತ್ರ, ಹೊಸ ಘಟನೆ ಕಟ್ಟಿದ್ದರೆ ಸಲ್ಲುತ್ತದೆ, ಈಗಿರುವ ಯಾವುದೇ ಒಕ್ಕದ (ಕುಲದ), ಐನ್‌ಮನೆಯ (ಒಕ್ಕದ ಮೂಲಮನೆಯ) ಹೆಸರು ಬಳಸುವಂತಿಲ್ಲ. ಈ ಕೊನೆಯ ಸಾಲು ಮುಂದೆ ಬರಬಹುದಾದ ಎಷ್ಟೋ ತಕರಾರುಗಳನ್ನು ತಪ್ಪಿಸುತ್ತದೆ.

ಭಾಷೆಯ ಬಗ್ಗೆಯೂ ಸ್ಪಷ್ಟವಾಗಿರಿ. ಕೊಡವ ತಕ್ಕ್, ಅರೆಭಾಷೆ ಎರಡನ್ನೂ ಕನ್ನಡ ಲಿಪಿಯಲ್ಲಿ ಬರೆಯುವವರು ಇದ್ದಾರೆ. ಮೂವರು ತೀರ್ಪುಗಾರರಿಗೂ ಆ ಭಾಷೆ ಓದಲು ಬಂದರೆ ಮಾತ್ರ ಪೂರ್ತಿ ಕಥೆಗಳನ್ನು ತೆಗೆದುಕೊಳ್ಳಿ. ಇಲ್ಲವಾದರೆ ನಿರೂಪಣೆ ಕನ್ನಡದಲ್ಲಿ, ಸಂಭಾಷಣೆ ಯಾವ ಭಾಷೆಯಲ್ಲಾದರೂ ಆಗಬಹುದು ಎಂದಿಡಿ. ಒಬ್ಬರಿಗಷ್ಟೇ ಅರ್ಥವಾಗುವ ಕಥೆಯ ಹಣೆಬರಹ ಆ ಒಬ್ಬರ ಕೈಲಿರುತ್ತದೆ.

ಯಾವಾಗ?

ಜನವರಿಯಿಂದ ಮಾರ್ಚ್‌ವರೆಗೆ ರೋಬಸ್ಟಾ ಕೊಯ್ಲು, ಕಣದಲ್ಲಿ ಒಣಗಿಸುವುದು. ಆಗ ಯಾರಿಗೂ ಬಿಡುವಿಲ್ಲ. ಪ್ರಕಟಣೆ ಮಾರ್ಚ್ ಕೊನೆಗೆ, ಕೊನೆಯ ದಿನ ಮೇ 31. ಜೂನ್‌ಗೆ ದಾಟಿಸಬೇಡಿ: ಮಳೆ ಹಿಡಿದ ಮೇಲೆ ಕರೆಂಟ್, ನೆಟ್‌ವರ್ಕ್, ಅಂಚೆ ಮೂರೂ ಕೈಕೊಡುತ್ತವೆ, ಗಡುವು ವಿಸ್ತರಿಸಿ ಎಂಬ ಫೋನುಗಳು ಶುರುವಾಗುತ್ತವೆ. ಓದಲು ಜೂನ್, ಜುಲೈ, ಆಗಸ್ಟ್. ಸೆಪ್ಟೆಂಬರಿನಲ್ಲಿ ಮತದಾನ, ಆದರೆ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ಮುಗಿದ ಮೇಲೆ. ದಸರಾ, ಅಕ್ಟೋಬರ್ ನಡುವಿನ ಕಾವೇರಿ ಸಂಕ್ರಮಣ ದಾಟಿ ನವೆಂಬರ್ ಎರಡನೇ ಭಾನುವಾರ ಸಮಾರಂಭ ಇಟ್ಟರೆ ರಾಜ್ಯೋತ್ಸವದ ತಿಂಗಳೂ ಆಯಿತು, ಸುಗ್ಗಿ ಹಬ್ಬ ಹುತ್ತರಿಗೂ ಅರೇಬಿಕಾ ಕೊಯ್ಲಿನ ಭರಾಟೆಗೂ ಮುಂಚೆ ಮುಗಿಯಿತು.

ಹಸ್ತಪ್ರತಿ ಬಂದಾಗ

ಯೂನಿಕೋಡ್‌ನಲ್ಲಿ ಟೈಪ್ ಮಾಡಿದ ವರ್ಡ್ ಫೈಲ್ ಕೇಳಿ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಬಂದದ್ದನ್ನು ಪರಿವರ್ತಿಸಿದರೆ ಅರ್ಕಾವತ್ತು, ಒತ್ತಕ್ಷರಗಳು ಅಲ್ಲಲ್ಲಿ ಕೆಡುತ್ತವೆ. ಪರಿವರ್ತಿಸಿದ ಪ್ರತಿಯನ್ನು ಲೇಖಕರಿಗೇ ಕಳಿಸಿ ಒಪ್ಪಿಗೆ ಪಡೆಯಿರಿ. ಕೈಬರಹದ ಕಥೆಗಳನ್ನೂ ತೆಗೆದುಕೊಳ್ಳಿ, ಆದರೆ ತೀರ್ಪುಗಾರರಿಗೆ ಕೊಡುವ ಮೊದಲು ಟೈಪ್ ಮಾಡಿಸಿ. ನಮ್ಮ ಊರಲ್ಲಿ ಅಕ್ಷರ ನೋಡಿಯೇ ಮೇಷ್ಟ್ರು ಯಾರೆಂದು ಹೇಳುವವರಿದ್ದಾರೆ.

ತೀರ್ಪುಗಾರರಲ್ಲದ ಒಬ್ಬ ಸಂಚಾಲಕರು ಪ್ರತಿ ಕಥೆಗೆ ಸಂಖ್ಯೆ ಕೊಟ್ಟು, ಹೆಸರಿನ ಪಟ್ಟಿಯನ್ನು ತಮ್ಮ ಬಳಿಯೇ ಇಟ್ಟುಕೊಳ್ಳಬೇಕು. ಮೊದಲ ಪುಟದ ಹೆಸರು ಅಳಿಸಿದರೆ ಸಾಲದು. ವರ್ಡ್ ಫೈಲಿನ ಗುಣವಿವರಗಳಲ್ಲಿ ಬರೆದವರ ಹೆಸರು ತಾನಾಗಿ ಉಳಿದಿರುತ್ತದೆ. ಹೊಸ ಖಾಲಿ ಫೈಲಿಗೆ ಬರೀ ಪಠ್ಯವನ್ನು ಅಂಟಿಸಿ, ಪಿಡಿಎಫ್ ಮಾಡಿ, ‘07’, ‘19’ ಎಂದಷ್ಟೇ ಹೆಸರಿಡಿ. ಒಕ್ಕದ ಹೆಸರೊಂದು ಕಂಡರೂ ಅರ್ಧ ಜಿಲ್ಲೆಗೆ ನೆಂಟಸ್ತಿಕೆ ಲೆಕ್ಕ ಸಿಕ್ಕಿಬಿಡುತ್ತದೆ. ತೀರ್ಪುಗಾರರಲ್ಲಿ ಒಬ್ಬರಾದರೂ ಮೈಸೂರು, ಮಂಗಳೂರು ಕಡೆಯವರಿರಲಿ, ನಾಲ್ಕನೆಯವರೊಬ್ಬರು ಮೀಸಲಿರಲಿ. ಕಥೆ ತಮ್ಮವರದೆಂದು ಗೊತ್ತಾದವರು ಆ ವರ್ಷದ ಮಟ್ಟಿಗೆ ಸರಿದು ಮೀಸಲಿನವರಿಗೆ ಜಾಗ ಬಿಡಬೇಕು.

ಕದ್ದ ಕಥೆ ಹಿಡಿಯಲು ಎಂಟು–ಹತ್ತು ಪದದ ಎರಡು ಸಾಲನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿ. ಆದರೆ ಇಂಗ್ಲಿಷಿನಿಂದ ಸದ್ದಿಲ್ಲದೆ ಅನುವಾದಿಸಿದ್ದು ಇದರಲ್ಲಿ ಸಿಗದು. ಈ ಪ್ರಕಾರವನ್ನು ಇಂಗ್ಲಿಷಿನಲ್ಲಿ ಚೆನ್ನಾಗಿ ಓದಿದ ಒಬ್ಬ ತೀರ್ಪುಗಾರರು ಬೇಕಾಗುವುದು ಇಲ್ಲೇ. ಇನ್ನು ಎಐ. ಅದರಿಂದ ಬರೆಸಿದ ಕಥೆಗಳ ಪ್ರವಾಹ ತಡೆಯಲಾರದೆ ಅಮೆರಿಕದ ಕ್ಲಾರ್ಕ್ಸ್‌ವರ್ಲ್ಡ್ ಪತ್ರಿಕೆ 2023ರ ಫೆಬ್ರವರಿಯಲ್ಲಿ ಕಥೆ ಸ್ವೀಕರಿಸುವುದನ್ನೇ ಕೆಲಕಾಲ ನಿಲ್ಲಿಸಿತು. ಪತ್ತೆ ತಂತ್ರಾಂಶಗಳನ್ನು ನಂಬಿ ಯಾರನ್ನೂ ಹೊರಗೆ ಹಾಕಬೇಡಿ. ಸ್ವಂತ ರಚನೆ ಎಂಬ ಸಹಿಯ ಜೊತೆ, ಅಂತಿಮ ಪಟ್ಟಿಗೆ ಬಂದವರಿಂದ ಕರಡು ಪ್ರತಿ ಕೇಳುವ ಹಕ್ಕನ್ನು ನಿಯಮದಲ್ಲಿ ಇಟ್ಟುಕೊಳ್ಳಿ.

ಅಂಕವಲ್ಲ, ಸ್ಥಾನ

ನೂರಕ್ಕೆ ಅಂಕ ಕೊಡಿಸಿ ಕೂಡಿಸುವ ಪದ್ಧತಿ ಎಲ್ಲ ಕಡೆ ಇದೆ, ಎಲ್ಲ ಕಡೆ ತಪ್ಪೂ ಆಗುತ್ತಿದೆ. ಕಥೆ 07ಕ್ಕೆ ಮೂವರು ಕೊಟ್ಟದ್ದು 68, 70, 45. ಕಥೆ 19ಕ್ಕೆ 62, 65, 85 ಎಂದುಕೊಳ್ಳಿ. ಮೊದಲಿಬ್ಬರಿಗೂ 07 ಹೆಚ್ಚು ಇಷ್ಟ. ಕೂಡಿಸಿದರೆ 183 ಮತ್ತು 212, ಗೆದ್ದದ್ದು 19. ಕೈಬಿಚ್ಚಿ ಅಂಕ ಹಾಕುವ ಒಬ್ಬರು ಕೈ ಬಿಗಿಹಿಡಿದು ಹಾಕುವ ಇಬ್ಬರನ್ನು ಮುಳುಗಿಸಿದರು.

ಅದಕ್ಕೇ ಸ್ಥಾನ ಕೇಳಿ. ಪ್ರತಿ ತೀರ್ಪುಗಾರರು ತಮ್ಮ ಮೊದಲ ಎಂಟು ಕಥೆಗಳನ್ನು ಕ್ರಮವಾಗಿ ಬರೆಯಲಿ. ಮೊದಲನೆಯದಕ್ಕೆ 8, ಕೊನೆಯದಕ್ಕೆ 1. ಮೊತ್ತದ ಮೇಲಿನ ಐದು ಅಂತಿಮ ಪಟ್ಟಿ. ಸಮ ಬಂದರೆ ಹೆಚ್ಚು ತೀರ್ಪುಗಾರರ ಪಟ್ಟಿಯಲ್ಲಿರುವ ಕಥೆ ಮುಂದೆ. ಪಟ್ಟಿಗಳನ್ನು ಸಂಚಾಲಕರಿಗೆ ಒಪ್ಪಿಸಿದ ಮೇಲಷ್ಟೇ ಮೂವರೂ ಮಾತಾಡಬೇಕು, ಆಮೇಲೆ ಒಂದು ಸಲ ಮಾತ್ರ ತಿದ್ದಬಹುದು. ಮೊದಲೇ ಮಾತಾಡಿದರೆ ಹಿರಿಯರ ಪಟ್ಟಿಯೇ ಮೂವರ ಪಟ್ಟಿಯಾಗುತ್ತದೆ. ನಲವತ್ತು ಕಥೆಗೆ, ಒಂದಕ್ಕೆ 25 ನಿಮಿಷದಂತೆ, ಸುಮಾರು 17 ಗಂಟೆಯ ಓದು ಬೇಕು. ತೀರ್ಪುಗಾರರನ್ನು ಒಪ್ಪಿಸುವ ಮೊದಲೇ ಇದನ್ನು ಹೇಳಿ, ಗೌರವಧನವನ್ನೂ ಕೊಡಿ.

ಓದುಗರ ಮತ

ವಾಟ್ಸ್‌ಆ್ಯಪ್ ಪೋಲ್ ಬೇಡ. ಯಾರು ಯಾರಿಗೆ ಹಾಕಿದರೆಂದು ಎಲ್ಲರಿಗೂ ಕಾಣುತ್ತದೆ, ಸಂಜೆಯೊಳಗೆ ಕಥೆ ಓದದ ಭಾವಮೈದುನರೆಲ್ಲ ಗುಂಪಿಗೆ ಸೇರಿರುತ್ತಾರೆ. 50 ರೂಪಾಯಿ ಕಟ್ಟಿ ಐದು ಕಥೆಗಳ ಪುಸ್ತಿಕೆ ಪಡೆದವರಿಗಷ್ಟೇ ಸಂಖ್ಯೆ ಹಾಕಿದ ಮತಪತ್ರ ಕೊಡಿ. ಶುಲ್ಕವಿದ್ದರೂ ಕಣ್ಣಿಟ್ಟಿರಬೇಕು: 2024ರ ಗ್ಲಾಸ್ಗೊ ಸಮ್ಮೇಳನದ ಹ್ಯೂಗೋದಲ್ಲಿ ಸಂಶಯಾಸ್ಪದ ಹೆಸರುಗಳಲ್ಲಿ ಬಂದ 377 ಮತಗಳನ್ನು ತಿರಸ್ಕರಿಸಬೇಕಾಯಿತು.

ಮತಪತ್ರದಲ್ಲಿ ಒಂದೇ ಟಿಕ್ ಬೇಡ. 1, 2, 3 ಎಂದು ಕ್ರಮ ಬರೆಸಿ. ಆರನೆಯ ಸಾಲಾಗಿ ‘ಪ್ರಶಸ್ತಿ ಯಾರಿಗೂ ಬೇಡ’ ಎಂದಿರಲಿ. ಹ್ಯೂಗೋದಲ್ಲಿ ಈ ಸಾಲು ಶೋಭೆಗಲ್ಲ. ಗುಂಪು ಕಟ್ಟಿ ನಾಮನಿರ್ದೇಶನ ಮಾಡಿದವರ ವಿರುದ್ಧ 2015ರಲ್ಲಿ ಐದು ವಿಭಾಗಗಳಲ್ಲಿ ಇದೇ ಗೆದ್ದಿತು.

ಎಣಿಕೆ ಹೀಗೆ. 41 ಮತಪತ್ರಗಳಿವೆ, ಮೂರು ಕಥೆಗಳು ಎನ್ನೋಣ. ಮೊದಲ ಆಯ್ಕೆ: ಕಥೆ 04ಕ್ಕೆ 15, ಕಥೆ 11ಕ್ಕೆ 12, ಕಥೆ 23ಕ್ಕೆ 9, ‘ಯಾರಿಗೂ ಬೇಡ’ಕ್ಕೆ 5. ಬಹುಮತಕ್ಕೆ 21 ಬೇಕು, ಯಾರಿಗೂ ಬಂದಿಲ್ಲ. ಕೊನೆಯದನ್ನು ತೆಗೆದು, ಆ 5 ಪತ್ರಗಳ ಮುಂದಿನ ಆಯ್ಕೆ ನೋಡಿ: 11ಕ್ಕೆ ಎರಡು, 04ಕ್ಕೆ ಒಂದು, ಇನ್ನೆರಡರಲ್ಲಿ ಮುಂದೆ ಏನೂ ಬರೆದಿಲ್ಲ. ಈಗ 16, 14, 9; ಉಳಿದ ಪತ್ರ 39, ಬೇಕಾದದ್ದು 20. ಕಥೆ 23ನ್ನು ತೆಗೆಯಿರಿ. ಅದರ 9ರಲ್ಲಿ 11ಕ್ಕೆ ಏಳು, 04ಕ್ಕೆ ಎರಡು. ಕೊನೆಗೆ 04ಕ್ಕೆ 18, 11ಕ್ಕೆ 21. ಗೆದ್ದದ್ದು 11. ಟಿಕ್ ಲೆಕ್ಕದಲ್ಲಾಗಿದ್ದರೆ, ಕೊನೆಗೆ 11ಕ್ಕಿಂತ ಕಡಿಮೆ ಜನರಿಗೆ ಬೇಕಾಗಿದ್ದ 04 ಗೆಲ್ಲುತ್ತಿತ್ತು. ಕಡೆಯದಾಗಿ ಎಲ್ಲ 41 ಪತ್ರಗಳನ್ನೂ ಮತ್ತೆ ತಿರುವಿ: ಕಥೆ 11ನ್ನು ‘ಯಾರಿಗೂ ಬೇಡ’ಕ್ಕಿಂತ ಮೇಲೆ ಇಟ್ಟವರು ಹೆಚ್ಚಿದ್ದರೆ ಮಾತ್ರ ಪ್ರಶಸ್ತಿ.

ಹಣ, ಹಕ್ಕು, ಫಲಕ

ದತ್ತಿ ನಿಧಿ ಇಟ್ಟರೆ ಒಂದೂವರೆ ಲಕ್ಷಕ್ಕೆ ಶೇ. 6.5ರಂತೆ ವರ್ಷಕ್ಕೆ 9,750 ರೂಪಾಯಿ. 5,000 ಬಹುಮಾನ, ಉಳಿದದ್ದು ಅಂಚೆ, ಮುದ್ರಣಕ್ಕೆ. ಗೌರವಧನಕ್ಕೆ ಪುಸ್ತಿಕೆಯ ಶುಲ್ಕ ಸೇರಿಸಿಕೊಳ್ಳಬೇಕಾದೀತು. ಬಡ್ಡಿ ದರ ಇಳಿಯುವುದುಂಟು, ಆದ್ದರಿಂದ ಮೊತ್ತವನ್ನು ದತ್ತಿ ಪತ್ರದಲ್ಲಿ ಕಾಯಂ ಮಾಡಬೇಡಿ. ಕ್ಲಾರ್ಕ್ ಪ್ರಶಸ್ತಿಯವರು 2001ರಿಂದ ಆಯಾ ಇಸವಿಯಷ್ಟೇ ಪೌಂಡ್ ಕೊಡುತ್ತ ವರ್ಷಕ್ಕೊಂದು ಪೌಂಡ್ ಏರಿಸುತ್ತಾರೆ. ಚಮತ್ಕಾರವೇ ಸರಿ, ಬೆಲೆ ಏರಿಕೆಗೆ ಮಾತ್ರ ಸಾಟಿಯಲ್ಲ. ಫಲಕದಲ್ಲಿ ಯಾರ ಮುಖವೂ ಬೇಡ. ವರ್ಲ್ಡ್ ಫ್ಯಾಂಟಸಿಯವರು ಭಯಾನಕ ಕಥೆಗಳ ಲೇಖಕ ಲವ್‌ಕ್ರಾಫ್ಟ್ ಮುಖದ ಪ್ರತಿಮೆ ಕೊಡುತ್ತಿದ್ದರು. ಆತನ ಜನಾಂಗದ್ವೇಷದ ಬಗ್ಗೆ ಆಕ್ಷೇಪ ಬಂದು 2015ರ ನಂತರ ಅದನ್ನು ಕೈಬಿಟ್ಟರು.

‘ಬಂದ ಕಥೆಗಳ ಸಂಪೂರ್ಣ ಹಕ್ಕು ಸಂಘಟಕರದು’ ಎಂಬ ಸಾಲು ಕಂಡರೆ ಒಳ್ಳೆಯ ಲೇಖಕರು ಕಥೆ ಕಳಿಸುವುದಿಲ್ಲ. ಪುಸ್ತಿಕೆಯಲ್ಲಿ ಒಂದು ಸಲ ಮುದ್ರಿಸಲು ಲಿಖಿತ ಅನುಮತಿ ಸಾಕು. ಹಕ್ಕನ್ನೇ ಬರೆಸಿಕೊಳ್ಳುವುದಾದರೆ ಅವಧಿ ನಮೂದಿಸಿ. ನಮೂದಿಸದಿದ್ದರೆ 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನಂತೆ ಐದು ವರ್ಷ ಎಂದೇ ಲೆಕ್ಕ.

ಫಲಿತಾಂಶದ ದಿನವೇ ಎಣಿಕೆಯ ಪ್ರತಿ ಸುತ್ತಿನ ಅಂಕಿಯನ್ನೂ, ಹೊರಗಿಟ್ಟ ಕಥೆಗಳ ಸಂಖ್ಯೆ ಮತ್ತು ಕಾರಣವನ್ನೂ ಗೋಡೆಗೆ ಅಂಟಿಸಿ. 2023ರಲ್ಲಿ ಚೀನಾದ ಚೆಂಗ್ಡು ಸಮ್ಮೇಳನದ ಹ್ಯೂಗೋದಲ್ಲಿ ಕೆಲವು ಕೃತಿಗಳನ್ನು ಕಾರಣ ಕೊಡದೆ ಅನರ್ಹ ಎಂದದ್ದು, ಅಂಕಿಅಂಶ 2024ರ ಜನವರಿಯಲ್ಲಿ ಹೊರಬಂದಾಗ ತಿಳಿದು, ಆ ವರ್ಷದ ಇಡೀ ಪ್ರಶಸ್ತಿಯೇ ಸಂಶಯಕ್ಕೆ ಬಿತ್ತು. ಮತಪತ್ರಗಳನ್ನು ಒಂದು ವರ್ಷ ಇಡಿ. ಮಳೆಗಾಲದಲ್ಲಿ ಬೀರುವಿನೊಳಗಿನ ಕಾಗದಕ್ಕೂ ಬೂಷ್ಟು ಹಿಡಿಯುವುದರಿಂದ ಅದೇ ದಿನ ಎಲ್ಲದರ ಫೋಟೊ ತೆಗೆದು ಇಬ್ಬರ ಬಳಿ ಇರಿಸಿ. ಗೆದ್ದ ಕಥೆ ಕದ್ದದ್ದೆಂದು ಆಮೇಲೆ ಗೊತ್ತಾದರೆ ಎರಡನೆಯದಕ್ಕೆ ಸೀದಾ ಕೊಟ್ಟುಬಿಡಬೇಡಿ. ಆ ಕಥೆಯನ್ನು ತೆಗೆದು ಅದೇ ಮತಪತ್ರಗಳನ್ನು ಮೊದಲಿನಿಂದ ಎಣಿಸಿ. ಬರುವ ಹೆಸರು ಬೇರೆಯೇ ಇರಬಹುದು.