ಹೆಡೆಯ ಮೇಲಿನ ಬಂಗಾರ: ಪಾಲಿಮರ್ ಕ್ಲೇ ಪದಕಗಳಿಗೆ ಲೋಹದ ಬಣ್ಣ ಕೊಟ್ಟ ನನ್ನ ಅನುಭವ

ಚಿತ್ರದುರ್ಗದ ಕೋಟೆಯ ಗೋಡೆಯಲ್ಲಿರುವ ನಾಗರಹಾವಿನ ಉಬ್ಬುಕೆತ್ತನೆಯನ್ನು ಮಾದರಿಯಾಗಿಟ್ಟುಕೊಂಡು ಪಾಲಿಮರ್ ಕ್ಲೇ ಪದಕಗಳನ್ನು ಮಾಡತೊಡಗಿದಾಗ, ಮೊದಲ ಹನ್ನೆರಡಕ್ಕೆ ನಾನು ಬಳಿದದ್ದು ಮನೆಯ ಗೇಟಿಗೆಂದು ತಂದು ಉಳಿದಿದ್ದ ಚಿನ್ನದ ಬಣ್ಣದ ಎಣ್ಣೆ ಪೇಂಟನ್ನು. ಹೊಳಪೇನೋ ಬಂತು, ಆದರೆ ಹದಿನೈದು ದಿನ ಕಳೆದರೂ ಅಂಟು ಆರದೆ, ಸುತ್ತಿಟ್ಟಿದ್ದ ಹತ್ತಿಯ ಎಳೆಗಳು ಹೆಡೆಗಳಿಗೆ ಮೀಸೆಯಂತೆ ಮೆತ್ತಿಕೊಂಡವು. ಈ ಕ್ಲೇ ನೋಡಲು ಮಣ್ಣಿನಂತಿದ್ದರೂ ಅಸಲಿಗೆ ಪಿವಿಸಿ ಎಂಬ ಪ್ಲಾಸ್ಟಿಕ್. ಅದನ್ನು ಮೆತ್ತಗಿಡುವ ಪ್ಲಾಸ್ಟಿಸೈಸರ್ ಬೆಂದ ಮೇಲೂ ಒಳಗೆ ಉಳಿದಿರುತ್ತದೆ. ಎಣ್ಣೆ ಪೇಂಟು, ನೈಲ್ ಪಾಲಿಶ್‌ಗಳು ಅದರೊಡನೆ ಸೇರಿದರೆ ಮೇಲ್ಪದರ ಅಂಟಂಟಾಗಿಯೇ ಉಳಿಯುತ್ತದೆ ಎಂಬುದು ನನಗೆ ತಿಳಿದದ್ದು ಆ ಹನ್ನೆರಡನ್ನೂ ಕಸಕ್ಕೆ ಹಾಕಿದ ಮೇಲೆ. ಈಗ ನೀರಿನಲ್ಲಿ ಕಲಸುವ ಅಕ್ರಿಲಿಕ್ ಬಣ್ಣವನ್ನಷ್ಟೇ ಬಳಸುತ್ತೇನೆ.

ಬೇಯಿಸುವುದಕ್ಕೆ ಪ್ಯಾಕೆಟ್ಟಿನ ಮೇಲಿನ ಸೂಚನೆಯೇ ಸಾಕು. ನನ್ನ ಕ್ಲೇಗೆ 130 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧ ಗಂಟೆ ಬೇಕು. ಓಟಿಜಿಯ (ಅಡುಗೆಮನೆಯ ಪುಟ್ಟ ವಿದ್ಯುತ್ ಓವನ್ನಿನ) ತಿರುಪನ್ನು ನಂಬದೆ ಒಳಗೊಂದು ಥರ್ಮಾಮೀಟರ್ ಇಟ್ಟಿದ್ದೇನೆ. ಆರಿದ ಪದಕವನ್ನು ಸ್ಪಿರಿಟ್ಟಿನಿಂದ ಒರೆಸದಿದ್ದರೆ ಬೆರಳಿನ ಜಿಡ್ಡಿರುವಲ್ಲಿ ಬಣ್ಣ ಹಿಡಿಯುವುದಿಲ್ಲ.

ನಿಜವಾದ ಕೆಲಸ ಆರಂಭವಾಗುವುದು ಇಲ್ಲಿಂದ. ಮೊದಲು ಇಡೀ ಪದಕಕ್ಕೆ ಕಡುಗಂದು ಬಣ್ಣ ಬಳಿದು, ಅದು ಒಣಗುವ ಮುನ್ನವೇ ಉಬ್ಬಿದ ಭಾಗಗಳನ್ನು ಒದ್ದೆ ಬಟ್ಟೆಯಿಂದ ಒರೆಸುತ್ತೇನೆ; ಆಗ ಹಳೆಯ ಕಲ್ಲಿನ ಸಂದುಗಳಲ್ಲಿ ಕಾಣುವಂಥ ಕಪ್ಪು, ಕೆತ್ತನೆಯ ಗೆರೆಗಳಲ್ಲಿ ಮಾತ್ರ ನಿಲ್ಲುತ್ತದೆ. ಅದು ಒಣಗಿದ ಮೇಲೆ ಚಪ್ಪಟೆ ಕುಂಚದ ತುದಿಗೆ ಸಾಸಿವೆ ಕಾಳಿನಷ್ಟು ಚಿನ್ನದ ಬಣ್ಣವನ್ನು ತೆಗೆದುಕೊಂಡು, ಕುಂಚದಲ್ಲಿ ಏನೂ ಉಳಿದಿಲ್ಲವೆನಿಸುವವರೆಗೆ ಹಳೆಯ ಪತ್ರಿಕೆಯ ಮೇಲೆ ಉಜ್ಜಿ, ಗೆರೆಗಳಿಗೆ ಅಡ್ಡಲಾಗಿ ಹೆಡೆಯ ಮೇಲೆ ಹಗುರವಾಗಿ ಆಡಿಸುತ್ತೇನೆ. ಮೊದಲ ಸಲಕ್ಕೆ ಏನೂ ಕಾಣದು. ಮೂರನೆಯದಕ್ಕೋ ನಾಲ್ಕನೆಯದಕ್ಕೋ ಹೆಡೆಯ ಅಂಚು, ಕಣ್ಣಿನ ಗುಬುಟು, ಒಂದೊಂದೇ ಹುರುಪೆಯ ನೆತ್ತಿ ಮಿನುಗತೊಡಗುತ್ತವೆ. ತಾಳ್ಮೆಗೆಟ್ಟು ಕುಂಚವನ್ನು ತುಂಬಿಕೊಂಡೆನೋ, ಚಿನ್ನವೆಲ್ಲ ಸಂದಿಗಿಳಿದು ನಾಗಪ್ಪ ಜಾತ್ರೆಯ ಆಟಿಕೆಯಾಗುತ್ತಾನೆ. ನಮ್ಮೂರಿನ ಏಪ್ರಿಲ್ ಬಿಸಿಲಿಗೆ ಬಣ್ಣ ಕುಂಚದಲ್ಲೇ ಒಣಗುವುದರಿಂದ ಫ್ಯಾನ್ ಆರಿಸಿ ಬೆವರುತ್ತ ಕೂರಬೇಕಾಗುತ್ತದೆ, ಅದು ಬೇರೆ ಮಾತು.

ಬರಿಯ ಚಿನ್ನದ ಬಣ್ಣ ನನ್ನ ಕಣ್ಣಿಗೆ ತೀರ ಹಳದಿ. ಅದಕ್ಕೆ ಚೂರು ತಾಮ್ರದ ಬಣ್ಣ ಬೆರೆಸಿದರೆ ಅಜ್ಜಿಯ ಪೆಟ್ಟಿಗೆಯ ಒಡವೆಯ ಕಳೆ ಬರುತ್ತದೆ.

ಕೆತ್ತನೆಯಿಲ್ಲದ ಸಾದಾ ಓಲೆಗಳಿಗಾದರೆ, ಬೇಯಿಸುವ ಮುಂಚೆಯೇ ಲೋಹದಂತೆ ಹೊಳೆಯುವ ಮೈಕಾ (ಅಭ್ರಕ) ಪುಡಿಯನ್ನು ಬೆರಳಿನಿಂದ ಸವರುತ್ತೇನೆ. ಹಸಿ ಕ್ಲೇಯ ಅಂಟಿಗೆ ಅದು ತಾನೇ ಹಿಡಿಯುತ್ತದೆ. ಪುಡಿ ಗಾಳಿಗೆ ಏಳುವುದರಿಂದ ಮಾಸ್ಕ್ ಬೇಕೇ ಬೇಕು. ಬೆಂದ ಮೇಲೆ ನೀರಿನ ವಾರ್ನಿಷನ್ನು ತೆಳುವಾಗಿ ಎರಡು ಸಲ ಕೊಡದಿದ್ದರೆ ಹೊಳಪೆಲ್ಲ ತೊಟ್ಟವರ ಕೆನ್ನೆಗೆ ಮೆತ್ತುತ್ತದೆ. ಹೆಡೆಯ ಪದಕಗಳಿಗೆ ಮಾತ್ರ ನಾನು ಮುಂಭಾಗದಲ್ಲಿ ವಾರ್ನಿಷ್ ಹಚ್ಚುವುದಿಲ್ಲ, ಹಚ್ಚಿದರೆ ಕಲ್ಲು ನೆನೆದಂತೆ ಕಾಣುತ್ತದೆ. ಮೈಗೆ ಉಜ್ಜುವ ಹಿಂಭಾಗಕ್ಕಷ್ಟೇ ಒಂದು ಪದರ ಕೊಡುತ್ತೇನೆ.